ಗೂಗಲ್, ಫೇಸ್‌ಬುಕ್, ಆ್ಯಪಲ್ ಲಾಗಿನ್ ಕೈಕೊಟ್ಟಾಗ: ಬ್ರೌಸರ್‌ನಿಂದ ಮೊಬೈಲ್ ಆ್ಯಪ್‌ವರೆಗೆ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

"ನನ್ನ ಫೋನಿನಲ್ಲಿ ಸರಿಯಾಗಿದೆ, ಗಿರಾಕಿಯ ಫೋನಿನಲ್ಲಿ ಮಾತ್ರ ಲಾಗಿನ್ ಆಗುತ್ತಿಲ್ಲ" ಎಂಬ ದೂರು ಬಂದ ಕೂಡಲೇ ನಮ್ಮ ಭಾಗದ ಡೆವಲಪರ್‌ಗಳು ಮೊದಲು ಕೈಹಾಕುವುದು ಕೋಡ್‌ಗೆ. ಅದು ಕೊನೆಯ ಕೆಲಸವಾಗಬೇಕು. ಕಲಬುರಗಿಯಲ್ಲಿ ತೊಗರಿ ಬೇಳೆ ಮಾರುವ ಮಿಲ್ಲು, ಬೀದರಿನಲ್ಲಿ ಬಿದ್ರಿ ಕಲಾಕೃತಿ ಮಾರುವ ಮಳಿಗೆ, ಯಾದಗಿರಿಯಲ್ಲಿ ಸಿಇಟಿ ತರಬೇತಿ ನಡೆಸುವ ಕೇಂದ್ರ ಯಾವುದೇ ಆಗಲಿ, ಅವರ ಜಾಲತಾಣದಲ್ಲೋ ಆ್ಯಪ್‌ನಲ್ಲೋ ಈಗ "ಗೂಗಲ್ ಮೂಲಕ ಒಳಬನ್ನಿ" ಎಂಬ ಗುಂಡಿ ಇದ್ದೇ ಇರುತ್ತದೆ. ಆ ಗುಂಡಿ ಕೆಡುವ ರೀತಿಗಳೇನೂ ಲೆಕ್ಕವಿಲ್ಲದಷ್ಟಿಲ್ಲ. ನಾನು ಕಂಡ ಮಟ್ಟಿಗೆ ಗೂಗಲ್ ಅಥವಾ ಫೇಸ್‌ಬುಕ್ ಕಡೆಗೆ ಹೋಗುವ ದಾರಿ ಕೆಡುವುದು ಅಪರೂಪ. ಕೆಡುವುದು ಅಲ್ಲಿಂದ ವಾಪಸು ಬರುವ ದಾರಿ. ಹಾಗಾಗಿ ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಆ ದಾರಿಯ ಮೇಲೆಯೇ ಇವೆ.

ಒಳಗೆ ನಡೆಯುವುದೇನು

ಈ ಲಾಗಿನ್‌ಗಳ ಕೆಳಗಿರುವುದು ಓಆತ್ 2.0 ಎಂಬ ನಿಯಮಾವಳಿ. ಇದು 2012ರಲ್ಲಿ ಪ್ರಕಟವಾಯಿತು. ಅದರ ಮೇಲೆ ಗುರುತಿನ ಭಾಗವನ್ನು ಸೇರಿಸಿದ ಓಪನ್‌ಐಡಿ ಕನೆಕ್ಟ್ ಬಂದದ್ದು 2014ರಲ್ಲಿ. ಬೇಳೆ ಮಿಲ್ಲಿನವರು ಲಾರಿಯನ್ನು ತಾವೇ ತೂಗುವುದಿಲ್ಲ, ವೇಬ್ರಿಜ್‌ಗೆ ಕಳಿಸುತ್ತಾರೆ. ಚಾಲಕ ತೂಕದ ಚೀಟಿ ತರುತ್ತಾನೆ. ಚೀಟಿಯಲ್ಲಿರುವ ಲಾರಿ ಸಂಖ್ಯೆಯೂ ತಾವು ಕಳಿಸಿದ ಲಾರಿಯ ಸಂಖ್ಯೆಯೂ ಒಂದೇ ಎಂದು ತಾಳೆ ನೋಡಿದ ಮೇಲೆಯೇ ಮಿಲ್ಲಿನವರು ಲೆಕ್ಕ ಬರೆಯುತ್ತಾರೆ. ಇಲ್ಲಿಯೂ ಹಾಗೆಯೇ. ನಿಮ್ಮ ತಾಣ ಬಳಕೆದಾರರನ್ನು ಗೂಗಲ್‌ಗೆ ಕಳಿಸುವಾಗ "ಸ್ಟೇಟ್" ಎಂಬ ಗುಟ್ಟಿನ ಗುರುತೊಂದನ್ನು ಜೊತೆಗೆ ಕೊಡುತ್ತದೆ ಮತ್ತು ಅದರ ಪ್ರತಿಯನ್ನು ಕುಕಿಯಲ್ಲಿ, ಅಂದರೆ ತಾಣವು ಬ್ರೌಸರ್‌ನಲ್ಲಿ ಇಡುವ ಪುಟ್ಟ ಮಾಹಿತಿಯಲ್ಲಿ, ಇಟ್ಟುಕೊಳ್ಳುತ್ತದೆ. ಗೂಗಲ್ ಬಳಕೆದಾರರು ಯಾರೆಂದು ಪರೀಕ್ಷಿಸಿ, ಮೊದಲೇ ನೋಂದಾಯಿಸಿದ ವಾಪಸು ವಿಳಾಸಕ್ಕೆ ಒಮ್ಮೆ ಮಾತ್ರ ಬಳಸಬಹುದಾದ "ಕೋಡ್" ಜೊತೆಗೆ ಅದೇ ಸ್ಟೇಟನ್ನೂ ಕೊಟ್ಟು ಕಳಿಸುತ್ತದೆ. ನಿಮ್ಮ ಸರ್ವರ್ ಸ್ಟೇಟ್ ತಾಳೆ ನೋಡಿ, ಆ ಕೋಡನ್ನು ಗೂಗಲ್‌ಗೆ ಕೊಟ್ಟು ಟೋಕನ್, ಅಂದರೆ ಬಳಕೆದಾರರು ಯಾರೆಂದು ಹೇಳುವ ಸಹಿ ಮಾಡಿದ ಚೀಟಿ, ಪಡೆಯುತ್ತದೆ. ಬಳಿಕ, ಇವರು ಲಾಗಿನ್ ಆಗಿದ್ದಾರೆ ಎಂದು ನೆನಪಿಡುವ ತನ್ನದೇ ಸೆಷನ್ ಕುಕಿ ಇಟ್ಟು ಬಳಕೆದಾರರನ್ನು ಒಳಗೆ ಬಿಡುತ್ತದೆ.

ಹಂತ 1: ಎಲ್ಲಿ ನಿಂತಿತು ಎಂದು ಮೊದಲು ತಿಳಿಯಿರಿ

ಗಿರಾಕಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಬರುವುದು "ಸರ್, ಲಾಗಿನ್ ಆಗುತ್ತಿಲ್ಲ" ಎಂಬ ಒಂದು ಸಾಲು. ಅದಕ್ಕೆ ಪ್ರತಿಯಾಗಿ ಮೂರು ವಿಷಯ ಕೇಳಿ: ಲಿಂಕ್ ಒತ್ತಿದ್ದು ಎಲ್ಲಿಂದ (ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್, ಅಥವಾ ನೇರ ಬ್ರೌಸರ್)? ಯಾವ ಫೋನ್? ನಿಂತ ಪುಟದ ಸ್ಕ್ರೀನ್‌ಶಾಟ್ ಕಳಿಸಬಹುದೇ? ಚಿತ್ರದಲ್ಲಿ ಅಡ್ರೆಸ್ ಬಾರ್ ಕಾಣಲೇಬೇಕು. ದೋಷದ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಪುಟ ಗೂಗಲ್ ಅಥವಾ ಫೇಸ್‌ಬುಕ್‌ನ ವಿಳಾಸದಲ್ಲೇ ದೋಷ ತೋರಿಸಿ ನಿಂತಿದ್ದರೆ, ತೊಂದರೆ ನೋಂದಣಿಯಲ್ಲಿದೆ (ವಾಪಸು ವಿಳಾಸ, ಪರೀಕ್ಷಾ ಸ್ಥಿತಿ), ಇಲ್ಲವೇ ಆ್ಯಪ್‌ನೊಳಗಿನ ಬ್ರೌಸರ್‌ನಲ್ಲಿದೆ. ನಿಮ್ಮ ತಾಣಕ್ಕೆ ಮರಳಿದ ಮೇಲೆ ದೋಷ ಬಂದಿದ್ದರೆ ಸ್ಟೇಟ್ ಅಥವಾ ಕೋಡ್ ವಿನಿಮಯದಲ್ಲಿ ಎಡವಿದೆ. ಯಾವ ದೋಷವೂ ಇಲ್ಲದೆ ಮತ್ತೆ ಅದೇ ಲಾಗಿನ್ ಪುಟಕ್ಕೆ ಬಂದು ಕುಳಿತರೆ ಎಲ್ಲವೂ ಸರಿಯಾಗಿ ನಡೆದು ಕೊನೆಯ ಸೆಷನ್ ಕುಕಿ ಮಾತ್ರ ಉಳಿದಿಲ್ಲ. ಖಾಲಿ ಬಿಳಿ ಪಾಪ್-ಅಪ್ ಕಿಟಕಿ ಹಾಗೇ ತೆರೆದುಕೊಂಡಿದ್ದರೆ ಎರಡು ಕಿಟಕಿಗಳ ನಡುವಿನ ಮಾತುಕತೆ ಕಡಿದಿದೆ.

ನಿಮ್ಮ ಕಂಪ್ಯೂಟರಿನಲ್ಲಿ ಅದೇ ದೋಷ ಮರುಕಳಿಸಿದರೆ ಕ್ರೋಮ್‌ನ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ವಿಭಾಗದಲ್ಲಿ "ಪ್ರಿಸರ್ವ್ ಲಾಗ್" ಆಯ್ಕೆ ಹಾಕಿ. ಅದಿಲ್ಲದಿದ್ದರೆ ಪುಟ ಬದಲಾದ ಕೂಡಲೇ ಹಿಂದಿನ ದಾಖಲೆ ಅಳಿಸಿಹೋಗುತ್ತದೆ. ನಿಮಗೆ ಬೇಕಾದದ್ದು ನಿಖರವಾಗಿ ಆ ಅಳಿದ ಭಾಗವೇ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿದರೆ ಅದರ ಕ್ರೋಮ್‌ನಲ್ಲಿ ನಡೆಯುವುದನ್ನೂ ಇದೇ ರೀತಿ ನೋಡಬಹುದು. ಐಫೋನಿನ ಸಫಾರಿಗೆ ಇದೇ ಸೌಲಭ್ಯ ಬೇಕಾದರೆ ಮ್ಯಾಕ್ ಕಂಪ್ಯೂಟರ್ ಬೇಕು. ಮ್ಯಾಕ್ ಇಲ್ಲದವರು ಸರ್ವರ್ ಕಡೆ ದಾಖಲೆ ಬರೆಯುವುದನ್ನು ಗಟ್ಟಿಮಾಡಿಕೊಳ್ಳಬೇಕು: ವಾಪಸು ವಿಳಾಸಕ್ಕೆ ಬಂದ ಪ್ರತಿ ವಿನಂತಿಗೂ ಸಮಯ, ಯೂಸರ್ ಏಜೆಂಟ್ (ಬ್ರೌಸರ್ ತನ್ನನ್ನು ಪರಿಚಯಿಸಿಕೊಳ್ಳುವ ಹೆಸರು), ಸ್ಟೇಟ್ ಕುಕಿ ಬಂದಿತೋ ಇಲ್ಲವೋ, ಗೂಗಲ್ ಕೊಟ್ಟ ದೋಷದ ಹೆಸರು. ಕೋಡ್ ಮತ್ತು ಟೋಕನ್‌ಗಳನ್ನು ಮಾತ್ರ ದಾಖಲೆಗೆ ಬರೆಯಬೇಡಿ.

ಹಂತ 2: ವಾಪಸು ವಿಳಾಸವನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ

ಗೂಗಲ್ "ದೋಷ 400: ರೀಡೈರೆಕ್ಟ್ ಯುಆರ್‌ಐ ಮಿಸ್‌ಮ್ಯಾಚ್" ಎಂದರೆ ಬೇರೆ ಅರ್ಥವೇನೂ ಇಲ್ಲ. ನೀವು ಕಳಿಸಿದ ವಾಪಸು ವಿಳಾಸವೂ ಗೂಗಲ್ ಕ್ಲೌಡ್ ಕನ್ಸೋಲ್‌ನಲ್ಲಿ (ಡೆವಲಪರ್‌ಗಳು ಗೂಗಲ್ ಸೇವೆಗಳಿಗೆ ನೋಂದಣಿ ಮಾಡುವ ಪುಟ) ನೋಂದಾಯಿಸಿದ ವಿಳಾಸವೂ ಬೇರೆ ಬೇರೆ ಇವೆ. ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್, ಮುಂದಿನ ಮೂರು ಡಬ್ಲ್ಯು ಇರುವುದು ಮತ್ತು ಇಲ್ಲದಿರುವುದು, ಕೊನೆಯ ಓರೆಗೆರೆ, ದೊಡ್ಡಕ್ಷರ ಸಣ್ಣಕ್ಷರ, ಯಾವುದೇ ಒಂದು ವ್ಯತ್ಯಾಸ ಸಾಕು. ಕಣ್ಣಳತೆಯಲ್ಲಿ ನೋಡಬೇಡಿ, ಅಡ್ರೆಸ್ ಬಾರ್‌ನಿಂದ ನಕಲಿಸಿ, ಕನ್ಸೋಲ್‌ನಲ್ಲಿ ಅಂಟಿಸಿ.

ನಮ್ಮಲ್ಲಿ ಈ ದೋಷಕ್ಕೆ ವಿಶೇಷ ಕಾರಣವೊಂದಿದೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು. ಆದರೆ 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಸೂಚಿ ಸಿಕ್ಕಿದ್ದು ಗುಲ್ಬರ್ಗಾ ಎಂಬ ಹೆಸರಿನಲ್ಲೇ. ಹೀಗಾಗಿ ಎರಡೂ ಹೆಸರಿನ ಡೊಮೇನ್ ಇಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ವ್ಯಾಪಾರಿಗಳಿದ್ದಾರೆ. ಗಿರಾಕಿ ಹಳೆಯ ಹೆಸರಿನ ತಾಣದಲ್ಲಿ ಗುಂಡಿ ಒತ್ತಿ, ಹೊಸ ಹೆಸರಿನ ತಾಣಕ್ಕೆ ವಾಪಸು ಬಂದರೆ ವಿಳಾಸ ನೋಂದಣಿಯಾಗಿದ್ದರೂ ಲಾಗಿನ್ ಆಗುವುದಿಲ್ಲ. ಸ್ಟೇಟ್ ಕುಕಿ ಹಳೆಯ ಡೊಮೇನಿನಲ್ಲೇ ಉಳಿದಿರುತ್ತದೆ. ಎರಡೂ ವಿಳಾಸಗಳನ್ನು ನೋಂದಾಯಿಸುವುದು ಇದಕ್ಕೆ ಮದ್ದಲ್ಲ. ಲಾಗಿನ್ ಪುಟ ತೆರೆಯುವ ಮೊದಲೇ ಎಲ್ಲರನ್ನೂ ಒಂದೇ ಡೊಮೇನಿಗೆ ತನ್ನಿ. ಮೂರು ಡಬ್ಲ್ಯುಗಳ ವಿಷಯದಲ್ಲೂ ಇದೇ ಮಾತು.

ಗೂಗಲ್‌ನ ಹೊಸ ಗುಂಡಿಯನ್ನು, ಅಂದರೆ ಗೂಗಲ್ ಐಡೆಂಟಿಟಿ ಸರ್ವಿಸಸ್ ಅನ್ನು ಬಳಸುವವರು ವಾಪಸು ವಿಳಾಸದ ಜೊತೆಗೆ "ಆಥರೈಸ್ಡ್ ಜಾವಾಸ್ಕ್ರಿಪ್ಟ್ ಆರಿಜಿನ್ಸ್" ಪಟ್ಟಿಯನ್ನೂ ನೋಡಬೇಕು. ಅಲ್ಲಿ ಡೊಮೇನ್ ಮಾತ್ರ, ಮುಂದಿನ ಪಥವಿಲ್ಲದೆ ಇರಬೇಕು. ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ನಿಮ್ಮದೇ ಕಂಪ್ಯೂಟರಿನಲ್ಲಿ, ಪರೀಕ್ಷಿಸುವಾಗ ಪೋರ್ಟ್ ಸಂಖ್ಯೆ ಇರುವುದನ್ನೂ ಇಲ್ಲದಿರುವುದನ್ನೂ ಎರಡನ್ನೂ ಸೇರಿಸಿ. ಬದಲಾವಣೆ ಜಾರಿಗೆ ಬರಲು ಐದು ನಿಮಿಷದಿಂದ ಕೆಲವು ಗಂಟೆ ಹಿಡಿಯಬಹುದು ಎಂದು ಗೂಗಲ್ ತಾನೇ ಹೇಳುತ್ತದೆ. ಉಳಿಸಿದ ಮರುಕ್ಷಣವೇ ಪರೀಕ್ಷಿಸಿ, ಆಗಲಿಲ್ಲವೆಂದು ಇನ್ನೇನನ್ನೋ ಬದಲಿಸಿದರೆ ಎರಡು ದೋಷಗಳು ಒಟ್ಟಿಗೆ ಸೇರಿಕೊಳ್ಳುತ್ತವೆ.

ಫೋನಿನಲ್ಲಿ ಪರೀಕ್ಷಿಸಲು ಹಲವರು ಕಂಪ್ಯೂಟರಿನ 192.168ರಿಂದ ಶುರುವಾಗುವ ವೈಫೈ ವಿಳಾಸವನ್ನು ಬಳಸುತ್ತಾರೆ. ಅಂಥ ವಿಳಾಸವನ್ನು ಗೂಗಲ್ ಒಪ್ಪುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಎಡಿಬಿ (ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಸಾಧನ) ರಿವರ್ಸ್ ಆಜ್ಞೆಯಿಂದ ಫೋನಿನ ಲೋಕಲ್‌ಹೋಸ್ಟ್ ಅನ್ನು ಕಂಪ್ಯೂಟರಿಗೆ ಜೋಡಿಸಿಕೊಳ್ಳಬಹುದು. ಆ್ಯಪಲ್ ಲಾಗಿನ್ ಲೋಕಲ್‌ಹೋಸ್ಟನ್ನೂ ಒಪ್ಪದು, ಅದಕ್ಕೆ ಎಚ್‌ಟಿಟಿಪಿಎಸ್ ಇರುವ ನಿಜವಾದ ಉಪಡೊಮೇನ್ ಒಂದನ್ನು ಪರೀಕ್ಷೆಗೆಂದೇ ಇಟ್ಟುಕೊಳ್ಳಿ.

ಹಂತ 3: ನಿಮಗೊಬ್ಬರಿಗೇ ತೆರೆಯುವ ಬಾಗಿಲೇ?

ಡೆವಲಪರ್‌ನ ಫೋನಿನಲ್ಲಿ ನಡೆದು ಉಳಿದ ಯಾರಲ್ಲೂ ನಡೆಯದಿದ್ದರೆ ಮೊದಲು ಫೇಸ್‌ಬುಕ್ ಆ್ಯಪ್ ಡ್ಯಾಶ್‌ಬೋರ್ಡ್ ನೋಡಿ. ಆ್ಯಪ್ "ಡೆವಲಪ್‌ಮೆಂಟ್" ಸ್ಥಿತಿಯಲ್ಲಿದ್ದರೆ ಅದರಲ್ಲಿ ನೀವು ಡೆವಲಪರ್ ಅಥವಾ ಪರೀಕ್ಷಕರೆಂದು ಸೇರಿಸಿದವರಿಗಷ್ಟೇ ಲಾಗಿನ್ ಸಿಗುತ್ತದೆ. "ಲೈವ್" ಸ್ಥಿತಿಗೆ ತರಬೇಕು, ಅದಕ್ಕೆ ಗೋಪ್ಯತಾ ನೀತಿಯ ಪುಟದ ವಿಳಾಸ ಕೊಡಬೇಕು. ಗೂಗಲ್‌ನಲ್ಲೂ "ಟೆಸ್ಟಿಂಗ್" ಸ್ಥಿತಿಗೆ 100 ಪರೀಕ್ಷಾ ಬಳಕೆದಾರರ ಮಿತಿ ಇದೆ. ಎರಡು ನಿಮಿಷದ ಪರಿಶೀಲನೆ ಇದು. ಮಾಡಿ ಮುಂದಕ್ಕೆ ಹೋಗಿ.

ಹಂತ 4: ಬ್ರೌಸರ್‌ಗಳ ಸ್ವಭಾವ

"ಕ್ರೋಮ್‌ನಲ್ಲಿ ನಡೆಯುತ್ತದೆ" ಎಂಬುದು ಯಾವುದಕ್ಕೂ ಪುರಾವೆಯಲ್ಲ. ಸಫಾರಿ 2020ರ ಮಾರ್ಚ್‌ನಿಂದ ಮೂರನೆಯವರ ಕುಕಿಗಳನ್ನು, ಅಂದರೆ ತೆರೆದ ತಾಣದ್ದಲ್ಲದ ಬೇರೆ ಡೊಮೇನಿನ ಕುಕಿಗಳನ್ನು, ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಪ್ರತಿ ತಾಣದ ಕುಕಿಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡುವುದನ್ನು ಎಲ್ಲ ಬಳಕೆದಾರರಿಗೂ ರೂಢಿಗೆ ತಂದಿತು. ಕ್ರೋಮ್ ಮಾತ್ರ ಮೂರನೆಯವರ ಕುಕಿಗಳನ್ನು ತೆಗೆದುಹಾಕುತ್ತೇನೆಂದು ವರ್ಷಗಟ್ಟಲೆ ಹೇಳಿ 2024ರಲ್ಲಿ ಹಿಂದೆ ಸರಿಯಿತು. ಆದರೂ ಅದರ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಈ ಕುಕಿಗಳು ತಾನಾಗಿಯೇ ಬಂದ್ ಆಗಿರುತ್ತವೆ. ಹಾಗಾಗಿ ಬಡವನ ಪರೀಕ್ಷಾಲಯ ಇದು: ಕ್ರೋಮ್ ಇನ್‌ಕಾಗ್ನಿಟೊದಲ್ಲಿ ಲಾಗಿನ್ ಆಗದಿದ್ದರೆ ಐಫೋನಿನಲ್ಲೂ ಬಹುಪಾಲು ಆಗುವುದಿಲ್ಲ. ನಮ್ಮ ದೇಶದ ಐಫೋನ್‌ಗಳಲ್ಲಿ ಕ್ರೋಮ್ ಹೆಸರಿನ ಆ್ಯಪ್ ಹಾಕಿಕೊಂಡರೂ ಒಳಗಿರುವುದು ಸಫಾರಿಯ ವೆಬ್‌ಕಿಟ್ ಯಂತ್ರವೇ ಎಂಬುದನ್ನು ನೆನಪಿಡಿ. "ಬ್ರೌಸರ್ ಬದಲಿಸಿ ನೋಡಿ" ಎಂಬ ಸಲಹೆ ಅಲ್ಲಿ ಅಷ್ಟಾಗಿ ಫಲಿಸದು.

ಪುಟ ಪೂರ್ತಿ ಗೂಗಲ್‌ಗೆ ಹೋಗಿ ಪೂರ್ತಿ ವಾಪಸು ಬರುವ ರೀಡೈರೆಕ್ಟ್ ವಿಧಾನಕ್ಕೆ ಮೂರನೆಯವರ ಕುಕಿ ಬೇಕಿಲ್ಲ. ಅದು ಎಲ್ಲ ಬ್ರೌಸರ್‌ಗಳಲ್ಲೂ ಬಾಳುತ್ತದೆ. ಒಂದು ಅಪವಾದ ಫೈರ್‌ಬೇಸ್ (ಲಾಗಿನ್ ಮೊದಲಾದ ಸೇವೆ ಕೊಡುವ ಗೂಗಲ್‌ನ ವೇದಿಕೆ) ಬಳಸುವವರದು. ನಿಮ್ಮ ತಾಣ ಒಂದು ಡೊಮೇನಿನಲ್ಲಿದ್ದು, ಲಾಗಿನ್ ನಿರ್ವಹಿಸುವ ಪುಟ ಫೈರ್‌ಬೇಸ್ ಕೊಟ್ಟ ಬೇರೆ ಡೊಮೇನಿನಲ್ಲಿದ್ದರೆ ಸಫಾರಿ 16.1 ಮತ್ತು ಫೈರ್‌ಫಾಕ್ಸ್ 109ರಿಂದ ಈಚೆಗೆ ರೀಡೈರೆಕ್ಟ್ ಲಾಗಿನ್ ಸದ್ದಿಲ್ಲದೆ ವಿಫಲವಾಗುತ್ತದೆ. ಬಳಕೆದಾರ ಹೋಗಿ ಬರುತ್ತಾನೆ, ತಾಣಕ್ಕೆ ಮಾತ್ರ ಯಾರೂ ಬಂದಂತೆ ಕಾಣುವುದಿಲ್ಲ. "ಆತ್ ಡೊಮೇನ್" ಅನ್ನು ನಿಮ್ಮ ತಾಣದ ಡೊಮೇನಿಗೇ ಬದಲಿಸಿ, ಹೊಸ ವಾಪಸು ವಿಳಾಸವನ್ನು ಗೂಗಲ್ ಕನ್ಸೋಲ್‌ನಲ್ಲಿ ಸೇರಿಸಿ.

ಕುಕಿಗಳ ಇನ್ನೊಂದು ಗುಣ "ಸೇಮ್‌ಸೈಟ್": ಬೇರೆ ತಾಣದಿಂದ ಬರುವ ವಿನಂತಿಯ ಜೊತೆ ಕುಕಿ ಹೋಗಬೇಕೇ ಬೇಡವೇ ಎಂದು ಅದು ಹೇಳುತ್ತದೆ. 2020ರ ಫೆಬ್ರುವರಿಯಲ್ಲಿ ಬಂದ ಕ್ರೋಮ್ 80ರಿಂದ, ಈ ಗುಣ ಬರೆಯದ ಕುಕಿಯನ್ನು "ಲ್ಯಾಕ್ಸ್" ಎಂದೇ ಪರಿಗಣಿಸಲಾಗುತ್ತದೆ. ಗೂಗಲ್ ವಾಪಸು ಕಳಿಸುವುದು ಲಿಂಕ್ ಒತ್ತಿ ಪುಟ ತೆರೆದಂತೆ ಸಾಮಾನ್ಯ ಗೆಟ್ ವಿನಂತಿಯಲ್ಲಾದ್ದರಿಂದ ಲ್ಯಾಕ್ಸ್ ಕುಕಿ ಜೊತೆಗೆ ಬರುತ್ತದೆ. ಆದರೆ ಹೆಸರು ಅಥವಾ ಇಮೇಲ್ ಕೇಳಿದರೆ ಆ್ಯಪಲ್ ವಾಪಸು ಕಳಿಸುವುದು ಫಾರ್ಮ್ ತುಂಬಿ ಕಳಿಸಿದಂತೆ ಪೋಸ್ಟ್ ವಿನಂತಿಯಲ್ಲಿ. ಬೇರೆ ತಾಣದಿಂದ ಬರುವ ಪೋಸ್ಟ್‌ಗೆ ಲ್ಯಾಕ್ಸ್ ಕುಕಿ ಅಂಟುವುದಿಲ್ಲ. ಸ್ಟೇಟ್ ತಾಳೆಯಾಗದೆ ಲಾಗಿನ್ ಬೀಳುತ್ತದೆ.

ಇಲ್ಲಿ ತಲೆಕೆಡಿಸುವ ವಿಷಯ ಬೇರೆ ಇದೆ. ಸೇಮ್‌ಸೈಟ್ ಗುಣವನ್ನೇ ಬರೆಯದ ಕುಕಿಗೆ ಕ್ರೋಮ್ ಎರಡು ನಿಮಿಷದ ವಿನಾಯಿತಿ ಕೊಡುತ್ತದೆ. ಕುಕಿ ಹುಟ್ಟಿ ಎರಡು ನಿಮಿಷವಾಗಿರದಿದ್ದರೆ ಪೋಸ್ಟ್ ಜೊತೆಗೂ ಅದನ್ನು ಕಳಿಸುತ್ತದೆ. ಪರಿಣಾಮವಾಗಿ ಚುರುಕಾಗಿ ಲಾಗಿನ್ ಆದವರು ಒಳಬರುತ್ತಾರೆ, ಪಾಸ್‌ವರ್ಡ್ ನೆನಪಿಸಿಕೊಳ್ಳುತ್ತ ಒಟಿಪಿಗೆ ಕಾಯುತ್ತ ಕುಳಿತವರು ಹೊರಗುಳಿಯುತ್ತಾರೆ. ಕಚೇರಿಯ ವೈಫೈನಲ್ಲಿ ಈ ದೋಷ ಎಂದೂ ಕಾಣಿಸದು. ಸುರಪುರದ ಹಳ್ಳಿಯೊಂದರಲ್ಲಿ ಸಿಗ್ನಲ್ ಹುಡುಕುತ್ತ ನಿಂತವರಿಗೆ ಮಾತ್ರ ಕಾಣುತ್ತದೆ. "ಕೆಲವೊಮ್ಮೆ ಆಗುತ್ತದೆ, ಕೆಲವೊಮ್ಮೆ ಆಗುವುದಿಲ್ಲ" ಎಂಬ ದೂರು ಬಂದರೆ ಗಿರಾಕಿಯನ್ನು ಅನುಮಾನಿಸುವ ಮೊದಲು, ಆ್ಯಪಲ್ ಪುಟದಲ್ಲಿ ಬೇಕೆಂದೇ ಮೂರು ನಿಮಿಷ ಸುಮ್ಮನೆ ಕುಳಿತು ಮುಂದುವರಿಸಿ ನೋಡಿ. ಪರಿಹಾರ: ಆ್ಯಪಲ್ ಹರಿವಿನ ಸ್ಟೇಟ್ ಕುಕಿಗೆ "ಸೇಮ್‌ಸೈಟ್ ನನ್" ಮತ್ತು "ಸೆಕ್ಯೂರ್" ಎರಡನ್ನೂ ಬರೆಯಿರಿ. ಸೆಕ್ಯೂರ್ ಇಲ್ಲದ ನನ್ ಕುಕಿಯನ್ನು ಕ್ರೋಮ್ ಎಸೆದುಬಿಡುತ್ತದೆ.

ಪಾಪ್-ಅಪ್ ವಿಧಾನ ಬಳಸುವವರಿಗೆ ಎರಡು ಮಾತು. ಬೆರಳು ಗುಂಡಿ ಒತ್ತಿದ ಕ್ಷಣದಲ್ಲೇ ಕಿಟಕಿ ತೆರೆಯಬೇಕು. ಮೊದಲು ಸರ್ವರ್‌ಗೆ ಏನನ್ನೋ ಕೇಳಿ, ಉತ್ತರ ಬಂದ ಮೇಲೆ ತೆರೆದರೆ ಸಫಾರಿ ಅದನ್ನು ಜಾಹೀರಾತಿನ ಕಿಟಕಿಯೆಂದು ತಡೆಯುತ್ತದೆ. ಎರಡನೆಯದಾಗಿ, ನಿಮ್ಮ ಸರ್ವರ್ "ಕ್ರಾಸ್-ಆರಿಜಿನ್ ಓಪನರ್ ಪಾಲಿಸಿ" ಹೆಡರ್‌ನಲ್ಲಿ "ಸೇಮ್-ಆರಿಜಿನ್" ಎಂದು ಕಳಿಸುತ್ತಿದ್ದರೆ ತೆರೆದ ಕಿಟಕಿ ನಿಮ್ಮ ಪುಟದೊಂದಿಗೆ ಮಾತನಾಡಲಾರದು. ಖಾಲಿ ಬಿಳಿ ಕಿಟಕಿಯ ಹಿಂದಿರುವುದು ಹೆಚ್ಚಾಗಿ ಇದೇ. ಅದನ್ನು "ಸೇಮ್-ಆರಿಜಿನ್-ಅಲೋ-ಪಾಪ್‌ಅಪ್ಸ್" ಎಂದು ಬದಲಿಸಿ. ಮೊಬೈಲ್‌ಗೆ ನನ್ನ ಆಯ್ಕೆ ರೀಡೈರೆಕ್ಟ್ ಮಾತ್ರ. ಸಣ್ಣ ಪರದೆಯಲ್ಲಿ ಪಾಪ್-ಅಪ್ ಕಿಟಕಿ ಹೊಸ ಟ್ಯಾಬ್ ಆಗಿ ತೆರೆಯುತ್ತದೆ, ಜನ ಹಿಂದಿನ ಟ್ಯಾಬ್ ಎಲ್ಲಿ ಹೋಯಿತೆಂದು ಹುಡುಕುತ್ತಾರೆ.

ಹಂತ 5: ಆ್ಯಪ್‌ನೊಳಗೆ ಅಡಗಿದ ಬ್ರೌಸರ್

ಬಿದ್ರಿ ಮಳಿಗೆಯವರು ಇನ್‌ಸ್ಟಾಗ್ರಾಮ್‌ನಲ್ಲಿ ಹೂದಾನಿಯ ಚಿತ್ರ ಹಾಕಿ ಕೆಳಗೆ ಲಿಂಕ್ ಕೊಡುತ್ತಾರೆ. ಗಿರಾಕಿ ಒತ್ತುತ್ತಾರೆ. ತಾಣ ತೆರೆಯುವುದು ಕ್ರೋಮ್‌ನಲ್ಲಲ್ಲ, ಇನ್‌ಸ್ಟಾಗ್ರಾಮ್‌ನೊಳಗಿನ ಪುಟ್ಟ ಬ್ರೌಸರ್‌ನಲ್ಲಿ. ಅಲ್ಲಿ ಗೂಗಲ್ ಲಾಗಿನ್ ಒತ್ತಿದರೆ "403: ಡಿಸ್‌ಅಲೌಡ್ ಯೂಸರ್‌ಏಜೆಂಟ್". ಆ್ಯಪ್‌ನೊಳಗಿನ ಇಂಥ ಬ್ರೌಸರ್‌ಗಳಲ್ಲಿ, ಅಂದರೆ ವೆಬ್‌ವ್ಯೂಗಳಲ್ಲಿ, ಪಾಸ್‌ವರ್ಡ್ ಕದಿಯುವುದು ಸುಲಭವೆಂದು ಗೂಗಲ್ 2017ರಿಂದಲೇ ಇದನ್ನು ತಡೆದಿದೆ. ಆಂಡ್ರಾಯ್ಡ್ ವೆಬ್‌ವ್ಯೂಗಳಲ್ಲಿ ಫೇಸ್‌ಬುಕ್ ಲಾಗಿನ್ 2021ರ ಅಕ್ಟೋಬರ್‌ನಲ್ಲಿ ನಿಂತಿತು. ಯೂಸರ್ ಏಜೆಂಟ್ ಹೆಸರನ್ನು ಸುಳ್ಳು ಹೇಳಿ ದಾಟುವ ಉಪಾಯಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಅವು ನಿಯಮಬಾಹಿರ, ಬಾಳಿಕೆಯೂ ಇಲ್ಲ.

ಮಾಡಬೇಕಾದದ್ದು ಇಷ್ಟು. ಯೂಸರ್ ಏಜೆಂಟ್‌ನಲ್ಲಿ ಇನ್‌ಸ್ಟಾಗ್ರಾಮ್ ಅಥವಾ ಫೇಸ್‌ಬುಕ್‌ನ ಗುರುತು ಕಂಡರೆ ಗೂಗಲ್ ಗುಂಡಿಯ ಜಾಗದಲ್ಲಿ "ಮೇಲಿನ ಮೂರು ಚುಕ್ಕಿ ಒತ್ತಿ, ಬ್ರೌಸರ್‌ನಲ್ಲಿ ತೆರೆಯಿರಿ" ಎಂದು ಕನ್ನಡದಲ್ಲೇ ಬರೆದು ತೋರಿಸಿ. ಆಂಡ್ರಾಯ್ಡ್‌ನಲ್ಲಿ "ಇಂಟೆಂಟ್" ಮಾದರಿಯ ಲಿಂಕ್ ಕೊಟ್ಟರೆ ನೇರವಾಗಿ ಕ್ರೋಮ್‌ಗೆ ಜಿಗಿಸಬಹುದು. ಐಫೋನಿನಲ್ಲಿ ಸೂಚನೆ ಬರೆಯುವುದೇ ಭರವಸೆಯ ದಾರಿ. ಜೊತೆಗೆ ಮೊಬೈಲ್ ಸಂಖ್ಯೆಯಿಂದ ಒಳಬರುವ ಇನ್ನೊಂದು ಬಾಗಿಲು ಇಟ್ಟರೆ ಗಿರಾಕಿ ಅಲ್ಲಿಂದಲೇ ಕೊಳ್ಳುತ್ತಾರೆ. ಮಾರಾಟಕ್ಕೆ ಬೇಕಾದದ್ದು ಅದು ತಾನೇ.

ನಿಮ್ಮದೇ ಆ್ಯಪ್ ಇಡೀ ತಾಣವನ್ನು ವೆಬ್‌ವ್ಯೂನಲ್ಲಿ ಸುತ್ತಿ ಪ್ಲೇ ಸ್ಟೋರ್‌ಗೆ ಹಾಕಿದ್ದಾಗಿದ್ದರೂ ಇದೇ ತಡೆ ಎದುರಾಗುತ್ತದೆ. ಲಾಗಿನ್ ಭಾಗವನ್ನು ಆಂಡ್ರಾಯ್ಡ್‌ನಲ್ಲಿ ಕಸ್ಟಮ್ ಟ್ಯಾಬ್ಸ್‌ಗೆ, ಐಫೋನಿನಲ್ಲಿ ಎಎಸ್‌ವೆಬ್‌ಆತೆಂಟಿಕೇಶನ್‌ಸೆಷನ್‌ಗೆ ಸಾಗಿಸಿ; ಎರಡೂ ಲಾಗಿನ್ ಪುಟವನ್ನು ನಿಜವಾದ ಬ್ರೌಸರ್‌ನಲ್ಲೇ ತೆರೆಯುತ್ತವೆ.

ಹಂತ 6: ಆಂಡ್ರಾಯ್ಡ್ ಆ್ಯಪ್

"ನನ್ನ ಫೋನಿನಲ್ಲಿ ಸರಿ, ಪ್ಲೇ ಸ್ಟೋರ್‌ನಿಂದ ಇಳಿಸಿದರೆ ತಪ್ಪು" ಎಂದರೆ ಹತ್ತರಲ್ಲಿ ಒಂಬತ್ತು ಪಾಲು ಎಸ್‌ಎಚ್‌ಎ-1 ಬೆರಳಚ್ಚಿನ ಸಮಸ್ಯೆ ಎಂದು ಕಣ್ಣುಮುಚ್ಚಿ ಹೇಳಬಹುದು. ಆ್ಯಪ್‌ಗೆ ಸಹಿ ಹಾಕುವ ಕೀಲಿಯ ಗುರುತು ಅದು. ಒಂದೇ ಆ್ಯಪ್‌ಗೆ ಮೂರು ಬೆರಳಚ್ಚುಗಳಿರಬಹುದು: ನಿಮ್ಮ ಕಂಪ್ಯೂಟರಿನ ಡೀಬಗ್ ಕೀಲಿಯದು, ಪ್ಲೇ ಸ್ಟೋರ್‌ಗೆ ಏರಿಸುವ ಅಪ್‌ಲೋಡ್ ಕೀಲಿಯದು, ಗೂಗಲ್ ತಾನೇ ಹಾಕುವ ಅಂತಿಮ ಸಹಿಯದು. 2021ರ ಆಗಸ್ಟ್‌ನಿಂದ ಹೊಸ ಆ್ಯಪ್‌ಗಳಿಗೆ ಈ ಮೂರನೆಯದು ಕಡ್ಡಾಯವಾಗಿದೆ. ಗಿರಾಕಿಯ ಫೋನಿಗೆ ಹೋಗುವುದು ಆ ಮೂರನೆಯ ಸಹಿ ಇರುವ ಆ್ಯಪ್. ಅದನ್ನು ನೋಂದಾಯಿಸಿರದಿದ್ದರೆ ಹಳೆಯ ಗೂಗಲ್ ಸೈನ್-ಇನ್ ಲೈಬ್ರರಿ (ಸಿದ್ಧ ಕೋಡ್) ದೋಷ ಸಂಖ್ಯೆ 10 ಕೊಡುತ್ತದೆ, ಅಂದರೆ "ಡೆವಲಪರ್ ಎರರ್".

1. ಆಂಡ್ರಾಯ್ಡ್ ಸ್ಟುಡಿಯೊದಲ್ಲಿ ಆ್ಯಪ್ ಕಟ್ಟುವ ಸಾಧನವಾದ ಗ್ರೇಡಲ್‌ನ "ಸೈನಿಂಗ್ ರಿಪೋರ್ಟ್" ನಡೆಸಿ ಡೀಬಗ್ ಬೆರಳಚ್ಚು ಪಡೆಯಿರಿ.
2. ಪ್ಲೇ ಕನ್ಸೋಲ್‌ನ ಆ್ಯಪ್ ಸೈನಿಂಗ್ ಪುಟದಿಂದ ಉಳಿದ ಎರಡನ್ನು ನಕಲಿಸಿ.
3. ಪ್ರತಿಯೊಂದಕ್ಕೂ ಅದೇ ಪ್ಯಾಕೇಜ್ ಹೆಸರಿನೊಂದಿಗೆ ಗೂಗಲ್ ಕ್ಲೌಡ್ ಕನ್ಸೋಲ್‌ನಲ್ಲಿ ಆಂಡ್ರಾಯ್ಡ್ ಕ್ಲೈಂಟ್ ಐಡಿ (ಆ್ಯಪ್‌ಗೆ ಗೂಗಲ್ ಕೊಡುವ ನೋಂದಣಿ ಗುರುತು) ಮಾಡಿ; ಫೈರ್‌ಬೇಸ್ ಆದರೆ ಮೂರನ್ನೂ ಅಲ್ಲೇ ಸೇರಿಸಿ.
4. ಕೋಡ್‌ನಲ್ಲಿ ಬರೆಯಬೇಕಾದದ್ದು ವೆಬ್ ಕ್ಲೈಂಟ್ ಐಡಿ, ಆಂಡ್ರಾಯ್ಡ್ ಕ್ಲೈಂಟ್ ಐಡಿ ಅಲ್ಲ. ಇದು ವಿಚಿತ್ರವಾಗಿ ಕಂಡರೂ ನಿಯಮ ಇರುವುದೇ ಹಾಗೆ.

ಫೇಸ್‌ಬುಕ್‌ಗೆ ಅದೇ ಬೆರಳಚ್ಚನ್ನು ಬೇಸ್64 ರೂಪಕ್ಕೆ ತಿರುಗಿಸಿ "ಕೀ ಹ್ಯಾಶ್" ಎಂದು ಕೊಡಬೇಕು. ಅದು 28 ಅಕ್ಷರ ಉದ್ದವಿದ್ದು ಸಮಚಿಹ್ನೆಯಲ್ಲಿ ಮುಗಿಯುತ್ತದೆ. ಉದ್ದ ಬೇರೆ ಇದ್ದರೆ ತಿರುಗಿಸುವಾಗಲೇ ಎಲ್ಲೋ ತಪ್ಪಿದೆ.

ಆ ಹಳೆಯ ಲೈಬ್ರರಿಯ ಬದಲು ಗೂಗಲ್ ಈಗ ಶಿಫಾರಸು ಮಾಡುವುದು ಕ್ರೆಡೆನ್ಷಿಯಲ್ ಮ್ಯಾನೇಜರ್. ಅದರಲ್ಲಿ ಹೊಸ ಬಳಕೆದಾರರಿಗೆ "ನೋ ಕ್ರೆಡೆನ್ಷಿಯಲ್ಸ್ ಅವೈಲಬಲ್" ಬಂದರೆ, ಈ ಹಿಂದೆ ಒಪ್ಪಿಗೆ ಕೊಟ್ಟ ಖಾತೆಗಳನ್ನು ಮಾತ್ರ ತೋರಿಸುವ ಸೋಸುವಿಕೆ ಚಾಲೂ ಇದೆಯೇ ನೋಡಿ. ಮೊದಲ ಸಲ ಬರುವವರು ಎಂದೂ ಒಪ್ಪಿಗೆ ಕೊಟ್ಟಿರುವುದಿಲ್ಲವಲ್ಲ!

ಇನ್ನೊಂದು ದೋಷ ಕಡಿಮೆ ರ‍್ಯಾಮ್ ಇರುವ ಫೋನ್‌ಗಳದು. ಬಳಕೆದಾರರು ಲಾಗಿನ್‌ಗೆಂದು ಕಸ್ಟಮ್ ಟ್ಯಾಬ್‌ಗೆ ಹೋಗುತ್ತಾರೆ, ಒಟಿಪಿ ನೋಡಲು ಮೆಸೇಜ್ ಆ್ಯಪ್‌ಗೆ ಹೋಗುತ್ತಾರೆ. ಅಷ್ಟರಲ್ಲಿ ಫೋನ್ ಜಾಗ ಸಾಲದೆ ನಿಮ್ಮ ಆ್ಯಪನ್ನು ಮುಚ್ಚಿರುತ್ತದೆ. ವಾಪಸು ಬಂದಾಗ ಆ್ಯಪ್ ಹೊಸದಾಗಿ ಶುರುವಾಗಿ, ನೆನಪಿನಲ್ಲಿಟ್ಟಿದ್ದ ಸ್ಟೇಟ್ ಕಳೆದುಹೋಗಿರುತ್ತದೆ. ದುಬಾರಿ ಫೋನಿನಲ್ಲಿ ಇದನ್ನು ನೋಡಬೇಕೆಂದರೆ ಡೆವಲಪರ್ ಆಯ್ಕೆಗಳಲ್ಲಿ "ಡೋಂಟ್ ಕೀಪ್ ಆ್ಯಕ್ಟಿವಿಟೀಸ್" ಚಾಲೂ ಮಾಡಿ. ಪ್ರಕ್ರಿಯೆ ಪೂರ್ತಿ ಸತ್ತಾಗ ಏನಾಗುತ್ತದೆ ಎಂದು ನೋಡಲು, ಬ್ರೌಸರ್ ಮುಂದಿರುವಾಗ ಎಡಿಬಿ ಮೂಲಕ ಆ್ಯಪನ್ನು ಕೊಲ್ಲಿ. ಸ್ಟೇಟ್ ಮತ್ತು ಅದರ ಜೊತೆಗಿನ ಗುಟ್ಟನ್ನು (ಕೋಡ್ ವಿನಿಮಯಕ್ಕೆ ಬೇಕಾಗುವ ಪಿಕೆಸಿಇ ವೆರಿಫೈಯರ್) ಫೋನಿನ ಸಂಗ್ರಹದಲ್ಲಿ ಬರೆದಿಡುವುದೇ ಪರಿಹಾರ.

ಲಾಗಿನ್ ಮುಗಿದು ಆ್ಯಪ್‌ಗೆ ಮರಳುವ ಬದಲು ಬ್ರೌಸರ್‌ನಲ್ಲೇ ತಾಣ ತೆರೆದುಕೊಂಡರೆ ಆ್ಯಪ್ ಲಿಂಕ್ ದೃಢೀಕರಣ, ಅಂದರೆ ತಾಣದ ಲಿಂಕನ್ನು ಈ ಆ್ಯಪ್ ತೆರೆಯಬಹುದು ಎಂಬ ಖಾತ್ರಿ, ಆಗಿಲ್ಲ. ಆಂಡ್ರಾಯ್ಡ್ 12ರಿಂದ ದೃಢೀಕರಣವಾಗದ ವೆಬ್ ಲಿಂಕ್‌ಗಳು ಬ್ರೌಸರ್‌ಗೇ ಹೋಗುತ್ತವೆ. ತಾಣದ "ವೆಲ್-ನೋನ್" ಕಡತಕೋಶದಲ್ಲಿರುವ ಅಸೆಟ್‌ಲಿಂಕ್ಸ್ ಕಡತದಲ್ಲಿ ಪ್ಲೇ ಸ್ಟೋರ್ ಸಹಿಯ ಎಸ್‌ಎಚ್‌ಎ-256 ಇದೆಯೇ ನೋಡಿ. ಇಲ್ಲಿ ಬೇಕಾದದ್ದು 256, ಮೇಲೆ ಬೇಕಾಗಿದ್ದು 1.

ಹಂತ 7: ಐಫೋನ್ ಮತ್ತು ಆ್ಯಪಲ್ ಲಾಗಿನ್

ನಮ್ಮ ಕಡೆ ಐಫೋನ್ ಬಳಕೆದಾರರು ಕಡಿಮೆ ಎಂದು ಇದನ್ನು ಬದಿಗಿಡುವವರಿದ್ದಾರೆ. ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬಿದ್ರಿ ಸಾಮಾನು ತರಿಸುವ ಗಿರಾಕಿಯ ಕೈಯಲ್ಲಿರುವುದು ಹೆಚ್ಚಾಗಿ ಅದೇ.

ಗೂಗಲ್ ಲಾಗಿನ್ ಮುಗಿದ ಮೇಲೆ ಆ್ಯಪ್ ತೆರೆಯದಿದ್ದರೆ ತಿರುಗುಮುರುಗು ಮಾಡಿದ ಕ್ಲೈಂಟ್ ಐಡಿಯನ್ನು ಯುಆರ್‌ಎಲ್ ಸ್ಕೀಮ್ (ಆ್ಯಪನ್ನು ತೆರೆಸುವ ವಿಳಾಸದ ಮೊದಲ ಭಾಗ) ಆಗಿ ಸೇರಿಸಿದ್ದೀರಾ ನೋಡಿ. ಆ್ಯಪಲ್ ಲಾಗಿನ್‌ನಲ್ಲಿ ಬಳಕೆದಾರರ ಹೆಸರು ಮೊದಲ ಸಲ ಮಾತ್ರ ಬರುತ್ತದೆ. ಆಗ ಉಳಿಸಿಕೊಳ್ಳದಿದ್ದರೆ ಮುಂದೆ ಎಷ್ಟು ಸಲ ಲಾಗಿನ್ ಆದರೂ ಖಾಲಿ. ಪರೀಕ್ಷೆಗೆ ಮತ್ತೆ ಬೇಕಾದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ, ಆ್ಯಪಲ್ ಖಾತೆಯ ಕೆಳಗೆ, ನಿಮ್ಮ ಆ್ಯಪ್‌ಗೆ ಕೊಟ್ಟ ಒಪ್ಪಿಗೆಯನ್ನು ತೆಗೆದು ಹೊಸದಾಗಿ ಲಾಗಿನ್ ಆಗಬೇಕು.

ಕೋಡ್ ಮುಟ್ಟದೆಯೇ ಒಂದು ದಿನ ಎಲ್ಲರಿಗೂ ಆ್ಯಪಲ್ ಲಾಗಿನ್ ನಿಂತುಹೋದರೆ ಗುಟ್ಟಿನ ಕೀಲಿಯ ಅವಧಿ ನೋಡಿ. ಆ್ಯಪಲ್‌ನ ಕ್ಲೈಂಟ್ ಸೀಕ್ರೆಟ್ ನೀವೇ ಸಹಿ ಮಾಡಿ ತಯಾರಿಸುವ ಟೋಕನ್, ಅದರ ಆಯುಷ್ಯ ಹೆಚ್ಚೆಂದರೆ ಆರು ತಿಂಗಳು. ಒಮ್ಮೆ ತಯಾರಿಸಿ ಕಡತದಲ್ಲಿ ಅಂಟಿಸಿ ಮರೆತವರ ಲಾಗಿನ್ ಆರು ತಿಂಗಳಿಗೆ ಸರಿಯಾಗಿ ನಿಲ್ಲುತ್ತದೆ. ಬೇಕಾದಾಗಲೆಲ್ಲ ಸರ್ವರ್ ತಾನೇ ತಯಾರಿಸುವಂತೆ ಬರೆಯಿರಿ.

ಹಂತ 8: ನೆಟ್‌ವರ್ಕ್, ಗಡಿಯಾರ, ಸೈಬರ್ ಕೇಂದ್ರ

ನಿಧಾನದ ನೆಟ್‌ವರ್ಕ್‌ನಲ್ಲಿ ವಾಪಸು ಪುಟ ತಡವಾದರೆ ಜನ ಪರದೆಯನ್ನು ಕೆಳಗೆಳೆದು ರಿಫ್ರೆಶ್ ಮಾಡುತ್ತಾರೆ. ಆಗ ಒಮ್ಮೆ ಬಳಸಿದ ಕೋಡ್ ಮತ್ತೆ ಸರ್ವರ್‌ಗೆ ಬರುತ್ತದೆ. ಎರಡನೆಯ ಬಾರಿಗೆ ಗೂಗಲ್ ಕೊಡುವ ಉತ್ತರ "ಇನ್‌ವ್ಯಾಲಿಡ್ ಗ್ರಾಂಟ್". ಮೊದಲ ವಿನಂತಿ ಯಶಸ್ವಿಯಾಗಿದ್ದರೂ ಬಳಕೆದಾರರಿಗೆ ಕಾಣುವುದು ದೋಷ. ವಿನಿಮಯ ಮುಗಿದ ಕೂಡಲೇ ಕೋಡ್ ಇಲ್ಲದ ಶುದ್ಧ ವಿಳಾಸಕ್ಕೆ ಕಳಿಸಿ. ಸೆಷನ್ ಈಗಾಗಲೇ ಇದ್ದರೆ ದೋಷ ತೋರಿಸದೆ ಮುಖಪುಟಕ್ಕೆ ಬಿಡಿ.

ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಬ್ರೌಸರ್ ಪ್ರಮಾಣಪತ್ರವನ್ನೇ ನಂಬುವುದಿಲ್ಲ, ಗೂಗಲ್ ಪುಟವೇ ತೆರೆಯುವುದಿಲ್ಲ. ಬೇರೆ ತಪಾಸಣೆಗೆ ಮೊದಲು ಪರದೆಯ ಮೂಲೆಯ ಗಡಿಯಾರ ನೋಡಿ. ಸರ್ವರ್‌ನ ಗಡಿಯಾರ ಹಿಂದಿದ್ದರೂ ಟೋಕನ್ "ಇನ್ನೂ ಜಾರಿಯಾಗಿಲ್ಲ" ಎಂದು ತಿರಸ್ಕೃತವಾಗುತ್ತದೆ.

ಬಸ್ ನಿಲ್ದಾಣದ ಸುತ್ತಲಿನ ಸೈಬರ್ ಕೇಂದ್ರಗಳಲ್ಲಿ ಕೋಚಿಂಗ್ ವಿದ್ಯಾರ್ಥಿಗಳು ಲಾಗಿನ್ ಆಗುವಾಗ ನಡೆಯುವುದು ಇನ್ನೂ ಗಂಭೀರ. ಹಿಂದಿನವರು ಜಿಮೇಲ್‌ನಿಂದ ಹೊರಬಂದಿರುವುದಿಲ್ಲ. ಈಗಿನ ವಿದ್ಯಾರ್ಥಿ ಗುಂಡಿ ಒತ್ತಿದರೆ ಏನನ್ನೂ ಕೇಳದೆ ಹಿಂದಿನವರ ಖಾತೆಯಲ್ಲೇ ಒಳಗೆ ಹೋಗುತ್ತಾರೆ, ಅಲ್ಲೇ ಶುಲ್ಕವನ್ನೂ ಕಟ್ಟುತ್ತಾರೆ. ಗೂಗಲ್‌ಗೆ ಕಳಿಸುವ ವಿನಂತಿಯಲ್ಲಿ "ಪ್ರಾಂಪ್ಟ್" ಎಂಬುದಕ್ಕೆ "ಸೆಲೆಕ್ಟ್ ಅಕೌಂಟ್" ಎಂದು ಬರೆದರೆ ಪ್ರತಿ ಸಲವೂ ಖಾತೆ ಆರಿಸುವ ಪುಟ ಬರುತ್ತದೆ. ನಿಮ್ಮ ತಾಣದಿಂದ ಲಾಗ್‌ಔಟ್ ಆದರೆ ಗೂಗಲ್‌ನಿಂದ ಆದಂತಲ್ಲ ಎಂಬುದನ್ನು ಲಾಗ್‌ಔಟ್ ಪುಟದಲ್ಲಿ ಒಂದು ಸಾಲಿನಲ್ಲಿ ಬರೆಯಿರಿ. ಕೇಂದ್ರ ನಡೆಸುವವರು ಗಿರಾಕಿಗಳಿಗೆ ಕ್ರೋಮ್‌ನ ಅತಿಥಿ ಕಿಟಕಿ ತೆರೆದುಕೊಡಬಹುದು, ಮುಚ್ಚಿದಾಗ ಎಲ್ಲವೂ ಅಳಿಯುತ್ತದೆ.

ಹಂತ 9: ಒಳಗೆ ಬಂದವರು ಯಾರು?

ಲಾಗಿನ್ ಯಶಸ್ವಿಯಾದರೂ ಹಳೆಯ ಆರ್ಡರ್‌ಗಳು ಕಾಣುತ್ತಿಲ್ಲ ಎಂಬ ದೂರು ಈ ವರ್ಗದ್ದು. ಮೊಬೈಲ್ ಸಂಖ್ಯೆಯಿಂದ ಮಾಡಿದ ಫೇಸ್‌ಬುಕ್ ಖಾತೆಗಳು ನಮ್ಮಲ್ಲಿ ಬಹಳ, ಅವುಗಳಿಂದ ಇಮೇಲ್ ಬರುವುದೇ ಇಲ್ಲ. ಇಮೇಲ್ ಕಡ್ಡಾಯವೆಂದು ಬರೆದ ಕೋಡ್ ಅಲ್ಲೇ ಮುರಿಯುತ್ತದೆ. ಆ್ಯಪಲ್‌ನಲ್ಲಿ ಬಳಕೆದಾರರು ಇಮೇಲ್ ಮರೆಮಾಡಿದರೆ ಸಿಗುವುದು ಆ್ಯಪಲ್ ಕೊಟ್ಟ ಬದಲಿ ವಿಳಾಸ. ನೀವು ಮೇಲ್ ಕಳಿಸುವ ಡೊಮೇನನ್ನು ಆ್ಯಪಲ್‌ನಲ್ಲಿ ನೋಂದಾಯಿಸದಿದ್ದರೆ ಆ ವಿಳಾಸಕ್ಕೆ ಕಳಿಸಿದ ರಸೀದಿ ತಲುಪುವುದಿಲ್ಲ.

ಖಾತೆ ಗುರುತಿಸಲು ಇಮೇಲನ್ನು ಕೀಲಿಯಾಗಿ ಬಳಸಬೇಡಿ. ಗೂಗಲ್ ಮತ್ತು ಆ್ಯಪಲ್ ಕೊಡುವ "ಸಬ್" ಎಂಬ ಬದಲಾಗದ ಗುರುತು, ಫೇಸ್‌ಬುಕ್ ಕೊಡುವ ಬಳಕೆದಾರ ಐಡಿ, ಇವನ್ನು ಆಯಾ ಕಂಪನಿಯ ಹೆಸರಿನೊಂದಿಗೆ ಜೋಡಿಸಿ ಪ್ರತ್ಯೇಕ ಕೋಷ್ಟಕದಲ್ಲಿ ಇಡಿ. ಒಬ್ಬ ಗಿರಾಕಿಗೆ ಅಂಥ ಹಲವು ಸಾಲುಗಳಿರಲಿ. ಗೂಗಲ್‌ನಲ್ಲಿ ಬಂದವರೇ ನಾಳೆ ಫೇಸ್‌ಬುಕ್‌ನಲ್ಲಿ ಬಂದರೆ, ಇಮೇಲ್ ಒಂದೇ ಎಂಬ ಒಂದೇ ಕಾರಣಕ್ಕೆ ಎರಡನ್ನೂ ತಾನಾಗಿ ಬೆಸೆಯಬೇಡಿ. ಬೇರೊಬ್ಬರ ಇಮೇಲ್ ಬರೆದು ಖಾತೆ ಮಾಡಿದವರಿಗೆ ಅವರ ಆರ್ಡರ್‌ಗಳೆಲ್ಲ ತೆರೆದುಕೊಂಡುಬಿಡುತ್ತವೆ. ಮೊದಲು ಹಳೆಯ ದಾರಿಯಿಂದ ಒಮ್ಮೆ ಲಾಗಿನ್ ಆಗಲು ಹೇಳಿ, ಒಳಗೆ ಬಂದ ಮೇಲೆ "ಫೇಸ್‌ಬುಕ್ ಖಾತೆಯನ್ನೂ ಸೇರಿಸಿ" ಎಂಬ ಗುಂಡಿ ಕೊಡಿ. ಹಳೆಯ ಸಿಮ್ ಬಿಟ್ಟು ಒಟಿಪಿಯೂ ಸಿಗದೆ ಹೊರಗುಳಿದವರಿಗೆ ಹಳೆಯ ಆರ್ಡರ್ ಸಂಖ್ಯೆ ಮತ್ತು ತಲುಪಿಸಿದ ವಿಳಾಸ ಕೇಳಿ ಕೈಯಾರೆ ಬೆಸೆಯುವ ವ್ಯವಸ್ಥೆಯೊಂದು ಅಂಗಡಿಯವರ ಬಳಿ ಇರಲಿ, ಯಾರು ಯಾವಾಗ ಬೆಸೆದರು ಎಂಬ ದಾಖಲೆಯೊಂದಿಗೆ.